ಎಡಗಡೆ ಆರು, ಬಲಗಡೆ ಆರು: ಈ ಚಿತ್ರಗಳನ್ನು ಬೇರೆ ಮಾಡಿದ ನಿಯಮ ಯಾವುದು?

ಗ್ರಾಫ್‌ಶೀಟ್_ಉಡುಪಿ:

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಆಟ ಆಡಿಸುತ್ತೇವೆ. ಮುಂದಿನ ಸಲ ಬೊಂಗಾರ್ಡ್ ಒಗಟು ಮಾಡೋಣ ಅಂತ ಉಂಟು. ಮಿಖಾಯಿಲ್ ಬೊಂಗಾರ್ಡ್ ಸೋವಿಯತ್ ವಿಜ್ಞಾನಿ. ಯಂತ್ರಕ್ಕೆ ಚಿತ್ರ ಗುರುತಿಸಲು ಕಲಿಸುವುದು ಹೇಗೆ ಎನ್ನುವುದು ಅವರ ಪ್ರಶ್ನೆ. 1967ರಲ್ಲಿ ಬಂದ ಅವರ ಪುಸ್ತಕದಲ್ಲಿ ಇಂಥ 100 ಒಗಟುಗಳಿವೆ. ಎಡಗಡೆ ಆರು ಚಿತ್ರ, ಬಲಗಡೆ ಆರು ಚಿತ್ರ. ಎಡಗಡೆಯ ಆರಕ್ಕೂ ಹೊಂದುವ, ಬಲಗಡೆಯ ಒಂದಕ್ಕೂ ಹೊಂದದ ನಿಯಮ ಒಂದು ಉಂಟು. ಅದನ್ನು ಮಾತಿನಲ್ಲಿ ಹೇಳಬೇಕು, ಅಷ್ಟೇ.

ನಾನು ಫ್ರ್ಯಾಕ್ಟಲ್, ಅಂದರೆ ಒಂದೇ ಕೆಲಸವನ್ನು ಚಿಕ್ಕ ಚಿಕ್ಕ ಅಳತೆಯಲ್ಲಿ ಮತ್ತೆ ಮತ್ತೆ ಮಾಡಿದಾಗ ಸಿಗುವ ಚಿತ್ರಗಳನ್ನು ಇಟ್ಟುಕೊಂಡು ಒಂದು ಮಾಡಿದ್ದೇನೆ. ಚಿತ್ರದ ಬದಲು ವಿವರಣೆ ಕೊಡುತ್ತೇನೆ, ಒಂದು ಹಾಳೆಯಲ್ಲಿ ಗೀಚಿಕೊಂಡು ಓದಿ.

ಎಡಗಡೆ. 1: ಸಿಯರ್ಪಿನ್‌ಸ್ಕಿ ತ್ರಿಕೋನ, ಅಂದರೆ ಕಪ್ಪು ತ್ರಿಕೋನದ ನಡುವಿನ ಕಾಲುಭಾಗ ತೆಗೆದು, ಉಳಿದ ಮೂರರಲ್ಲೂ ಹಾಗೇ ತೆಗೆಯುತ್ತಾ ಹೋದದ್ದು. 2: ಕಾಖ್ ರೇಖೆ, ಅಂದರೆ ಗೆರೆಯ ನಡುವಿನ ಮೂರನೇ ಒಂದು ಭಾಗ ಅಳಿಸಿ ಅಲ್ಲಿ ಗುಡ್ಡದ ಹಾಗೆ ಎರಡು ಗೆರೆ, ಮತ್ತೆ ಪ್ರತಿ ಗೆರೆಗೂ ಅದೇ. 3: ಕ್ಯಾಂಟರ್ ಪಟ್ಟಿಗಳು, ಒಂದರ ಕೆಳಗೆ ಒಂದು, ಪ್ರತಿ ಸಾಲಿನಲ್ಲೂ ಪಟ್ಟಿಗಳ ನಡುಭಾಗ ಮಾಯ. 4: ವಾಲಿದ ಮರ, ಪ್ರತಿ ಕೊಂಬೆಯೂ ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ ಕವಲು. 5: ಒಂದು ಬದಿಗೆ ಬಾಗಿದ ಜರಿಗಿಡದ ಎಲೆ. 6: ಕಾಗದದ ಪಟ್ಟಿಯನ್ನು ಐದಾರು ಸಲ ಅರ್ಧಕ್ಕೆ ಮಡಚಿ, ಪ್ರತಿ ಮಡಿಕೆಯನ್ನೂ ಲಂಬಕೋನಕ್ಕೆ ಬಿಡಿಸಿದಾಗ ಸಿಗುವ ಡ್ರ್ಯಾಗನ್ ರೇಖೆ.

ಬಲಗಡೆ. 1: ದೊಡ್ಡ ತ್ರಿಕೋನವನ್ನು 16 ಸಮ ತ್ರಿಕೋನ ಮಾಡಿ, ನೆಟ್ಟಗೆ ನಿಂತ 10ಕ್ಕೆ ಕಪ್ಪು ಬಣ್ಣ. 2: ಗರಗಸದ ಹಲ್ಲಿನಂಥ ಅಂಕುಡೊಂಕು ಗೆರೆ, ಹಲ್ಲುಗಳೆಲ್ಲ ಸಮ. 3: ಸಮ ಅಂತರದಲ್ಲಿ ಸಮ ಪಟ್ಟಿಗಳು. 4: ವಾಲಿದ ಕಾಂಡ, ಒಂದೇ ಪಕ್ಕಕ್ಕೆ ಐದು ಸಾದಾ ಕೊಂಬೆ. 5: ಗಾಳಿಗೆ ಬಾಗಿದ ತೆಂಗಿನ ಮಡಲು. 6: ಒಂದೊಂದು ತಿರುವಿಗೂ ಒಂದೇ ಅಳತೆಯಷ್ಟು ಉದ್ದ ಕೂಡುತ್ತಾ ಹೋಗುವ, ಲಂಬಕೋನದ ಸುರುಳಿ.

ನಿಯಮ ಹೇಳಿ. ಇದರಲ್ಲಿ ಸಡಿಲ ಎಲ್ಲಿದೆ ಅನ್ನುವುದನ್ನೂ ಹೇಳಿ.

ಒಂಬತ್ತನೇಕ್ಲಾಸ್_ಕಾಪು:

ಸರ್, ಎಡಗಡೆ ಎಲ್ಲ ಸಮಮಿತಿ ಇರುವ ಚಿತ್ರಗಳಾ? ತ್ರಿಕೋನ, ಕಾಖ್, ಕ್ಯಾಂಟರ್ ಮೂರನ್ನೂ ನಡುವೆ ಮಡಚಿದರೆ ಎರಡು ಬದಿಯೂ ಸರಿ ಕೂರುತ್ತದೆ.

ಗ್ರಾಫ್‌ಶೀಟ್_ಉಡುಪಿ:

ಮೇಲಿನ ಮೂರಕ್ಕೆ ನೀನು ಹೇಳಿದ್ದು ಸರಿ ತಮ್ಮ. ಈಗ 4, 5, 6 ನೋಡು. ಆಮೇಲೆ ಬಲಗಡೆಯ 1, 2, 3 ನೋಡು.

ಒಂಬತ್ತನೇಕ್ಲಾಸ್_ಕಾಪು:

ಬಲಗಡೆಯೂ ಮೊದಲ ಮೂರಕ್ಕೆ ಸಮಮಿತಿ ಉಂಟು, ಕೊನೆಯ ಮೂರಕ್ಕೆ ಇಲ್ಲ! ಹಾಗಾದರೆ ಸಮಮಿತಿ ಅಲ್ಲ.

ಪಣಂಬೂರು_ಪಿಕ್ಸೆಲ್:

ನನ್ನ ಉತ್ತರ: ಎಡಗಡೆ ಬೇರೆ ಬೇರೆ ಗಾತ್ರದ ತುಂಡುಗಳು, ಬಲಗಡೆ ಒಂದೇ ಗಾತ್ರ. ಇಷ್ಟು ಸಾಕು ಅಲ್ವಾ? ಫ್ರ್ಯಾಕ್ಟಲ್ ಅನ್ನುವ ಪದವೇ ಬೇಡ.

ತೆಂಗಿನಗರಿ:

ಸಾಕಾಗುವುದಿಲ್ಲ ಮಾರಾಯ್ರೆ. ತೆಂಗಿನ ಮಡಲನ್ನು ಸರಿಯಾಗಿ ನೋಡಿ. ನಡುವಿನ ಗರಿಗಳು ಉದ್ದ, ತುದಿಗೆ ಹೋದ ಹಾಗೆ ಗಿಡ್ಡ. ಗಾತ್ರ ಬೇರೆ ಬೇರೆ ಉಂಟು, ಆದರೂ ಅದು ಬಲಗಡೆ. ಎಡಗಡೆಯ ಡ್ರ್ಯಾಗನ್ ನೋಡಿ, ಅದರ ಗೆರೆಯ ತುಂಡುಗಳೆಲ್ಲ ಒಂದೇ ಉದ್ದ. ನಿಮ್ಮ ನಿಯಮ ಎರಡೂ ಕಡೆ ಮುರಿಯುತ್ತದೆ. ಈ ಎರಡು ಚಿತ್ರಗಳನ್ನು ಬೇಕೆಂದೇ ಹಾಕಿದ್ದು ಅಂತ ಕಾಣುತ್ತದೆ.

ಗ್ರಾಫ್‌ಶೀಟ್_ಉಡುಪಿ:

ಹೌದು, ಬೇಕೆಂದೇ. ಇಂಥ ಒಗಟಿನಲ್ಲಿ ಹೆಚ್ಚು ಕೆಲಸ ಇರುವುದು ಬಲಗಡೆಗೆ. ಅಲ್ಲಿ ಸುಮ್ನೆ ಆರು ಬೇರೆ ಚಿತ್ರ ತುಂಬಿಸಿದರೆ ಮಕ್ಕಳಿಗೆ ಹತ್ತು ನಿಯಮ ಸಿಗುತ್ತದೆ, ಹತ್ತೂ ಸರಿಯಾಗುತ್ತದೆ. ಹಾಗಾಗಿ ಎಡಗಡೆಯ ಪ್ರತಿ ಚಿತ್ರಕ್ಕೂ ಬಲಗಡೆ ಒಂದು ಜೋಡಿ ಇಟ್ಟೆ. ತ್ರಿಕೋನಕ್ಕೆ ತ್ರಿಕೋನ, ಎಲೆಗೆ ಎಲೆ. ಬಣ್ಣ, ಸಮಮಿತಿ, ಬಾಗುವಿಕೆ ಎಲ್ಲ ಒಂದೇ. ಬೇರೆ ಇರುವುದು ಒಂದೇ ವಿಷಯ: ಎಡಗಡೆಯದರಲ್ಲಿ ಇಡೀ ಚಿತ್ರದ್ದೇ ಚಿಕ್ಕ ನಕಲು ಅದರ ಒಳಗೇ ಉಂಟು. ಇದಕ್ಕೇ ಸ್ವಸಾಮ್ಯ ಅನ್ನುವುದು.

ಫ್ರ್ಯಾಕ್ಟಲ್ ಪುಸ್ತಕಗಳಲ್ಲೆಲ್ಲ ಸಿಯರ್ಪಿನ್‌ಸ್ಕಿ, ಹಿಮದ ಹಳಕು ಇಂಥ ಅಂದದ ಸಮಮಿತಿಯ ಚಿತ್ರಗಳೇ ಜಾಸ್ತಿ. ನೋಡಿ ನೋಡಿ ಮಕ್ಕಳಿಗೆ ಸಮಮಿತಿಯೂ ಸ್ವಸಾಮ್ಯವೂ ಒಂದೇ ಅಂತ ಆಗಿಬಿಡುತ್ತದೆ. ಅದನ್ನು ಬಿಡಿಸಬೇಕು ಅನ್ನುವುದೇ ನನ್ನ ಆಸೆ.

ರಥಬೀದಿ_ರಂಗೋಲಿ:

ನಾನು ಗಣಿತ ಓದಿದವಳಲ್ಲ, ಆದರೆ ಇದು ನನ್ನ ಕೈಗೆ ಗೊತ್ತಿರುವ ವಿಷಯ. ಎಂಟು ದಳದ ಹೂವಿನ ರಂಗೋಲಿ ತಿರುಗಿಸಿದರೂ ಅದೇ, ಮಡಚಿದರೂ ಅದೇ. ಆದರೆ ದಳದೊಳಗೆ ಹೂವಿಲ್ಲ. ಹಾಗಾಗಿ ಅದು ಬಲಗಡೆ. ದೊಡ್ಡ ಹಬ್ಬಕ್ಕೆ ಪ್ರತಿ ದಳದ ತುದಿಗೂ ಅದೇ ಎಂಟು ದಳದ ಚಿಕ್ಕ ಹೂವು ಬಿಡಿಸುತ್ತೇನೆ. ಅದು ಎಡಗಡೆಗೆ ಹೋಗುತ್ತದಾ? ಅದಕ್ಕಿಂತ ಚಿಕ್ಕದು ಹಿಟ್ಟಿನಲ್ಲಿ ಬಿಡಿಸಲು ಆಗುವುದಿಲ್ಲ.

ಮೇರುಪ್ರಸ್ತಾರ:

ಅಕ್ಕ ಕೇಳಿದ್ದು ಈ ಒಗಟಿನ ಬುಡಕ್ಕೇ ಹೋಗುತ್ತದೆ. ನಿಜವಾದ ಸಿಯರ್ಪಿನ್‌ಸ್ಕಿ ತ್ರಿಕೋನ ಯಾವ ಹಾಳೆಯ ಮೇಲೂ ಇಲ್ಲ. ನಾವು ಬರೆಯುವುದು ನಾಲ್ಕೈದು ಹಂತ. ಆಮೇಲೆ ನೋಡುವವರ ಮನಸ್ಸು "ಹೀಗೇ ಮುಂದುವರಿಯುತ್ತದೆ" ಅಂತ ತುಂಬಿಕೊಳ್ಳುತ್ತದೆ. ಎರಡು ಹಂತ ನೋಡಿದರೆ ಹಾಗೆ ಅನ್ನಿಸುವುದಿಲ್ಲ, ದೊಡ್ಡ ಹೂವು, ಸುತ್ತ ಚಿಕ್ಕ ಹೂವು, ಅಷ್ಟೇ. ಮೂರು ಹಂತ ಬಂದರೆ ಮನಸ್ಸು ನಾಲ್ಕನೆಯದನ್ನು ತಾನೇ ಕಾಣುತ್ತದೆ. ಒಗಟಿನಲ್ಲಿ ಎಡಗಡೆ ಹಾಕುವ ಚಿತ್ರಕ್ಕೆ ಕಡಿಮೆ ಅಂದರೂ ಮೂರು ಹಂತ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಕ್ಕನಿಗೆ ಇನ್ನೊಂದು ಮಾತು. ತಮಿಳುನಾಡಿನ ಕೋಲಗಳನ್ನು, ಅಂದರೆ ಅಲ್ಲಿನ ರಂಗೋಲಿಗಳನ್ನು, 1970ರ ದಶಕದಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಜೊತೆಗಾರರು ಕಂಪ್ಯೂಟರ್ ವಿಜ್ಞಾನದ ವಿಷಯವಾಗಿ ಅಧ್ಯಯನ ಮಾಡಿದ್ದಾರೆ. ಚಿಕ್ಕ ಕೋಲವನ್ನು ದೊಡ್ಡದು ಮಾಡುವ ನಿಯಮಗಳನ್ನು ವ್ಯಾಕರಣದ ಹಾಗೆ ಬರೆದರು. ನಿಮ್ಮ ಕೈಗೆ ಗೊತ್ತಿರುವುದು ದೊಡ್ಡ ವಿಷಯವೇ.

ತೆಂಗಿನಗರಿ:

ಮೂರು ಹಂತ ಅಂದಿರಲ್ಲ, ನಾನು ಸಸ್ಯಶಾಸ್ತ್ರದ ಕಡೆಯಿಂದ ಹೇಳುತ್ತೇನೆ. ಹುಣಸೆ ಎಲೆ ತೆಗೆದುಕೊಳ್ಳಿ. ನಡುವೆ ಒಂದು ದಂಟು, ಎರಡು ಬದಿ ಕಿರುಎಲೆ. ಒಂದೇ ಹಂತ. ತೆಂಗಿನ ಮಡಲೂ ಹಾಗೆ. ಗುಲ್‌ಮೊಹರ್ ಎಲೆಯಲ್ಲಿ ದಂಟಿನಿಂದ ಉಪದಂಟು, ಅದರಲ್ಲಿ ಕಿರುಎಲೆ, ಎರಡು ಹಂತ. ನುಗ್ಗೆ ಎಲೆ ಸಾಮಾನ್ಯವಾಗಿ ಮೂರು ಹಂತ. ನುಗ್ಗೆಯ ಒಂದು ಉಪದಂಟನ್ನು ಕಿತ್ತು ಬೇರೆ ಇಟ್ಟರೆ ಇಡೀ ಎಲೆಯ ಚಿಕ್ಕ ರೂಪವೇ.

ಮಳೆಗಾಲದಲ್ಲಿ ನಮ್ಮ ಕೆಂಪುಕಲ್ಲಿನ ಪಾಗಾರದ ಮೇಲೆಲ್ಲ ಜರಿಗಿಡ ಬರುತ್ತದೆ ಅಲ್ವಾ, ಅದರಲ್ಲೂ ಕೆಲವು ಜಾತಿಯಲ್ಲಿ ಒಂದೇ ಹಂತ, ಕೆಲವಲ್ಲಿ ಎರಡು ಮೂರು. ಜರಿಗಿಡ ಅಂದ ತಕ್ಷಣ ಫ್ರ್ಯಾಕ್ಟಲ್ ಅನ್ನುವುದು ಸರಿಯಲ್ಲ. ಮಕ್ಕಳಿಗೆ ಚಿತ್ರದ ಬದಲು ಈ ಎಲೆಗಳನ್ನೇ ಕೊಡಿ. ಹುಣಸೆ, ಗುಲ್‌ಮೊಹರ್, ನುಗ್ಗೆ, ಮೂರನ್ನೂ ಮೇಜಿನ ಮೇಲೆ ಇಟ್ಟು ಯಾವುದು ಯಾವ ಕಡೆ ಅಂತ ಕೇಳಿ.

ಪಣಂಬೂರು_ಪಿಕ್ಸೆಲ್:

ನುಗ್ಗೆಯನ್ನು ಎಡಗಡೆ ಹಾಕಲು ನಾನು ಒಪ್ಪುವುದಿಲ್ಲ. ಮೂರನೇ ಹಂತದಲ್ಲಿ ನಿಂತುಹೋಗುತ್ತದೆ. ಕಿರುಎಲೆಯೊಳಗೆ ನುಗ್ಗೆ ಎಲೆ ಇಲ್ಲ. ಮೂರಕ್ಕೆ ನಿಂತದ್ದು ಒಂದಕ್ಕೆ ನಿಂತದ್ದಕ್ಕಿಂತ ಬೇರೆ ಹೇಗೆ?

ಗ್ರಾಫ್‌ಶೀಟ್_ಉಡುಪಿ:

ನಾನು ಒಪ್ಪುತ್ತೇನೆ, ಎಡಗಡೆಗೇ. ಬೊಂಗಾರ್ಡ್ ಒಗಟಿನಲ್ಲಿ ಕೇಳುವುದು ಚಿತ್ರ ಏನು ಹೇಳುತ್ತಿದೆ ಅಂತ. ಕೈಯಲ್ಲಿ ಬಿಡಿಸಿದ ವೃತ್ತ ಪೂರ್ತಿ ದುಂಡಗೆ ಇರುವುದಿಲ್ಲ, ಆದರೂ ಯಾರೂ ಅದನ್ನು ವೃತ್ತ ಅಲ್ಲ ಅನ್ನುವುದಿಲ್ಲ. ಆದರೆ ಗುಲ್‌ಮೊಹರ್ ಎಲ್ಲಿ ಹಾಕುವುದು ಅಂತ ನನಗೂ ಕಷ್ಟ. ಹಾಗಾಗಿ ಅದನ್ನು ಹಾಳೆಯಲ್ಲಿ ಹಾಕುವುದಿಲ್ಲ, ಮೇಜಿನ ಮೇಲೆ ಇಡುತ್ತೇನೆ. ಮಕ್ಕಳೇ ಜಗಳ ಆಡಲಿ.

ಒಂಬತ್ತನೇಕ್ಲಾಸ್_ಕಾಪು:

ನಾನೂ ಒಂದು ಮಾಡಿದೆ ಸರ್. ಎಡಗಡೆ: ಚೌಕದೊಳಗೆ ಅರ್ಧ ಅಳತೆಯ ಚೌಕ, ಅದರೊಳಗೆ ಅದರ ಅರ್ಧ, ಎಲ್ಲದರ ನಡುಬಿಂದು ಒಂದೇ. ಮಲ್ಪೆಯಲ್ಲಿ ಸಿಗುವ ಶಂಖದ ಸುರುಳಿ. ಸೆಲೂನಿನಲ್ಲಿ ಎದುರುಬದುರು ಕನ್ನಡಿಯೊಳಗೆ ಕನ್ನಡಿ. ಬಲಗಡೆ: ಸಿಯರ್ಪಿನ್‌ಸ್ಕಿ, ಕಾಖ್, ಕ್ಯಾಂಟರ್. ಎರಡೂ ಕಡೆ ಸ್ವಸಾಮ್ಯ ಉಂಟು. ನಿಯಮ ಬೇರೆ.

ರಥಬೀದಿ_ರಂಗೋಲಿ:

ಎಡಗಡೆ ಎಲ್ಲ ಒಂದೇ ಜಾಗದ ಕಡೆಗೆ ಹೋಗುತ್ತದೆ. ಬಲಗಡೆ ಎಲ್ಲೆಲ್ಲೂ ಹರಡಿದೆ. ಸರಿಯಾ?

ಒಂಬತ್ತನೇಕ್ಲಾಸ್_ಕಾಪು:

ಸರಿ ಅಕ್ಕ! ಎಡಗಡೆ ಒಂದೇ ಒಂದು ಬಿಂದುವಿನಲ್ಲಿ ಹಿಗ್ಗಿಸಿದರೆ ಮಾತ್ರ ಅದೇ ಚಿತ್ರ ಮತ್ತೆ ಮತ್ತೆ ಬರುತ್ತದೆ. ಚೌಕದ ಗೆರೆಯ ಮೇಲೆ ಹಿಗ್ಗಿಸಿದರೆ ಬರೀ ಗೆರೆ. ಸಿಯರ್ಪಿನ್‌ಸ್ಕಿಯಲ್ಲಿ ಕಪ್ಪು ಇರುವ ಎಲ್ಲಿ ಹಿಗ್ಗಿಸಿದರೂ ಚಿಕ್ಕ ಸಿಯರ್ಪಿನ್‌ಸ್ಕಿಗಳು ಸಿಗುತ್ತವೆ.

ಮೇರುಪ್ರಸ್ತಾರ:

ಬಹಳ ಒಳ್ಳೆಯ ಒಗಟು ಮಗ. ಇದು ನಮ್ಮೆಲ್ಲರ ಒಗಟಿಗಿಂತ ಆಳದ್ದು. ಒಂದು ಚಿತ್ರ ಮಾತ್ರ ಬದಲಿಸು. ಸೆಲೂನಿನ ಕನ್ನಡಿಯಲ್ಲಿ ಪ್ರತಿಬಿಂಬಗಳು ಸಮ ಅಂತರದಲ್ಲಿ ಹಿಂದೆ ಹಿಂದೆ ನಿಲ್ಲುತ್ತವೆ. ದೂರ ಎರಡು ಪಟ್ಟಾದರೆ ಅಳತೆ ಅರ್ಧ, ಮೂರು ಪಟ್ಟಾದರೆ ಮೂರರಲ್ಲೊಂದು, ಆಮೇಲೆ ನಾಲ್ಕರಲ್ಲೊಂದು, ಸುಮಾರು ಹೀಗೆ ಹೋಗುತ್ತದೆ. ನಿನ್ನ ಚೌಕಗಳು ಅರ್ಧ, ಕಾಲು, ಅರೆಕಾಲು ಅಂತ ಹೋಗುತ್ತವೆ. ಕನ್ನಡಿಯ ಸಾಲಿನಲ್ಲಿ ಒಂದರಿಂದ ಮುಂದಿನದಕ್ಕೆ ಕುಗ್ಗುವ ಪ್ರಮಾಣ ಒಂದೇ ಇಲ್ಲ, ಹಾಗಾಗಿ ಹಿಗ್ಗಿಸಿದರೆ ಅದೇ ಚಿತ್ರ ಬರುವುದಿಲ್ಲ. ನೋಡಲು ಒಂದೇ ಥರ, ಲೆಕ್ಕದಲ್ಲಿ ಬೇರೆ.

ಶಂಖ ಸರಿ. ಅದು ಬೆಳೆಯುವಾಗ ಆಕಾರ ಬದಲಾಗುವುದಿಲ್ಲ, ಪ್ರತಿ ಸುತ್ತಿಗೂ ಅಗಲ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಚಕ್ಕುಲಿ ಹಾಗಲ್ಲ, ಸುತ್ತುಗಳ ನಡುವಿನ ಅಂತರ ಎಲ್ಲ ಕಡೆ ಸಮ. ಶಂಖ ಎಡಗಡೆ ಇದ್ದರೆ ಚಕ್ಕುಲಿಯನ್ನು ಎಡಗಡೆಯೂ ಹಾಕುವ ಹಾಗಿಲ್ಲ, ಬಲಗಡೆಯೂ ಹಾಕುವ ಹಾಗಿಲ್ಲ.

ಪಣಂಬೂರು_ಪಿಕ್ಸೆಲ್:

ನನ್ನದೂ ಒಂದು. ಎಡಗಡೆ ಮೂರು ನಕಲು ಸೇರಿ ಆದ ಚಿತ್ರಗಳು, ಬಲಗಡೆ ನಾಲ್ಕು ನಕಲು ಸೇರಿ ಆದವು. ಸಿಯರ್ಪಿನ್‌ಸ್ಕಿ ಎಡಕ್ಕೆ, ಕಾಖ್ ಬಲಕ್ಕೆ. ಎಣಿಸಿದರೆ ಆಯಿತು, ವಾದಕ್ಕೆ ಜಾಗವೇ ಇಲ್ಲ.

ಮೇರುಪ್ರಸ್ತಾರ:

ಜಾಗ ಉಂಟು! ಸರಳರೇಖೆ ಎಲ್ಲಿಗೆ? ಮೂರು ತುಂಡು ಮಾಡಿದರೆ ಮೂರು ನಕಲು, ನಾಲ್ಕು ಮಾಡಿದರೆ ನಾಲ್ಕು.

ಅದಕ್ಕಿಂತ ಚಂದದ್ದು ಕಾಖ್ ರೇಖೆಯಲ್ಲೇ ಉಂಟು. ಅದು ನಾಲ್ಕು ನಕಲು ಅಂತ ಎಲ್ಲರೂ ಹೇಳುತ್ತಾರೆ, ಪ್ರತಿಯೊಂದೂ ಮೂರನೇ ಒಂದು ಅಳತೆಯದು. ಈಗ ಶಿಖರದಲ್ಲಿ ಅದನ್ನು ಎರಡು ಭಾಗ ಮಾಡಿ. ಎಡಭಾಗವನ್ನು ಮಾತ್ರ ನೋಡಿ. ಅದು ಇಡೀ ಕಾಖ್ ರೇಖೆಯೇ! ಸ್ವಲ್ಪ ತಿರುಗಿದೆ, ಗುಡ್ಡ ಇನ್ನೊಂದು ಬದಿಗೆ ಮಗುಚಿದೆ, ಅಷ್ಟೇ. 9 ಸೆಂಟಿಮೀಟರ್ ಅಗಲ ಬರೆದರೆ ಎಡತುದಿಯಿಂದ ಶಿಖರಕ್ಕೆ ಸುಮಾರು 5.2 ಸೆಂಟಿಮೀಟರ್. ಅಂದರೆ 9ನ್ನು ಮೂರರ ವರ್ಗಮೂಲ 1.732ರಿಂದ ಭಾಗಿಸಿದ್ದು. ಹಾಗಾಗಿ ಕಾಖ್ ರೇಖೆ ಎರಡು ನಕಲುಗಳಿಂದಲೂ ಆಗಿದೆ, ನಾಲ್ಕರಿಂದಲೂ ಆಗಿದೆ.

ಈಗ ಆಯಾಮದ ಲೆಕ್ಕ ಮಾಡಿ, ಅಂದರೆ ಚಿತ್ರ ಎಷ್ಟು ದಟ್ಟವಾಗಿ ಜಾಗ ತುಂಬುತ್ತದೆ ಅನ್ನುವ ಸಂಖ್ಯೆ: ನೇರ ಗೆರೆಗೆ 1, ಬಣ್ಣ ತುಂಬಿದ ಚೌಕಕ್ಕೆ 2. ನಕಲುಗಳ ಸಂಖ್ಯೆಯ ಲಾಗ್ ಅನ್ನು, ಎಷ್ಟು ಪಟ್ಟು ಚಿಕ್ಕದು ಅನ್ನುವುದರ ಲಾಗ್‌ನಿಂದ ಭಾಗಿಸಬೇಕು. ನಾಲ್ಕು ನಕಲು, ಮೂರು ಪಟ್ಟು ಚಿಕ್ಕದು: 1.26. ಎರಡು ನಕಲು, 1.732 ಪಟ್ಟು ಚಿಕ್ಕದು: ಅದೂ 1.26. ಎಣಿಕೆ ನೋಡುವವರ ಮೇಲೆ ನಿಂತಿದೆ, ಆಯಾಮ ರೇಖೆಯದ್ದೇ. 1904ರಲ್ಲಿ ಸ್ವೀಡನ್ನಿನ ಹೆಲ್ಗೆ ಫಾನ್ ಕಾಖ್ ಈ ರೇಖೆ ಕಟ್ಟಿದಾಗ ಫ್ರ್ಯಾಕ್ಟಲ್ ಅನ್ನುವ ಹೆಸರೇ ಇರಲಿಲ್ಲ. ಅದನ್ನು ಬೆನ್ವಾ ಮ್ಯಾಂಡೆಲ್‌ಬ್ರಾಟ್ ಕೊಟ್ಟದ್ದು 1975ರಲ್ಲಿ.

ಪಣಂಬೂರು_ಪಿಕ್ಸೆಲ್:

ಸರ್, ಇದನ್ನು ಈಗಲೇ ಬರೆದು ನೋಡಿದೆ. ಎಡಭಾಗ ನಿಜವಾಗಿಯೂ ಇಡೀ ರೇಖೆಯೇ! ಇಷ್ಟು ವರ್ಷ ಈ ಚಿತ್ರ ನೋಡಿದ್ದೇನೆ, ಹೀಗೆ ನೋಡಿರಲಿಲ್ಲ.

ಹಾಗಾದರೆ ನನ್ನ ಒಗಟಿಗೆ ಎಣಿಕೆ ಬೇಡ, ಪೆಟ್ಟಿಗೆ ಎಣಿಸುವ ವಿಧಾನ ಇಡೋಣ. ಚಿತ್ರದ ಮೇಲೆ ಚೌಕಳಿ ಹಾಕಿ, ಗೆರೆ ತಾಗಿದ ಚೌಕ ಎಷ್ಟು ಅಂತ ಎಣಿಸುವುದು. ಆಮೇಲೆ ಚೌಕದ ಬದಿ ಅರ್ಧ ಮಾಡಿ ಮತ್ತೆ ಎಣಿಸುವುದು. ನೇರ ಗೆರೆಯಾದರೆ ಎಣಿಕೆ ಸುಮಾರು ಎರಡು ಪಟ್ಟು ಆಗುತ್ತದೆ. ಬಣ್ಣ ತುಂಬಿದ ಚೌಕವಾದರೆ ನಾಲ್ಕು ಪಟ್ಟು. ಸಿಯರ್ಪಿನ್‌ಸ್ಕಿಯಾದರೆ ಮೂರು ಪಟ್ಟು, ಆಯಾಮ 1.585. ಗ್ರಾಫ್ ಹಾಳೆಯಲ್ಲೇ ಮಾಡಬಹುದು, ಕಂಪ್ಯೂಟರ್ ಬೇಡ.

ಗ್ರಾಫ್‌ಶೀಟ್_ಉಡುಪಿ:

ಮಾಡಿಸುತ್ತೇನೆ. ಆದರೆ ಆಯಾಮಕ್ಕೆ ಸಮಮಿತಿ ಕಾಣುವುದಿಲ್ಲ, ಅದನ್ನು ಮಕ್ಕಳಿಗೆ ತೋರಿಸಲೇಬೇಕು. ಚೌಕವನ್ನು ನಾಲ್ಕು ಮಾಡಿ, ಮೇಲಿನ ಬಲಗಡೆಯದನ್ನು ಬಿಸಾಡಿ, ಉಳಿದ ಮೂರರಲ್ಲೂ ಹಾಗೇ ಮಾಡುತ್ತಾ ಹೋದರೆ ಲಂಬಕೋನದ ಸಿಯರ್ಪಿನ್‌ಸ್ಕಿ. ಕರ್ಣದ ಮೇಲೆ ಮಡಚಿದರೆ ಸರಿ ಕೂರುತ್ತದೆ. ಈಗ ಪ್ರತಿ ಹಂತದಲ್ಲೂ ಕೆಳಗಿನ ಬಲಗಡೆಯ ನಕಲನ್ನು ಮಾತ್ರ 90 ಡಿಗ್ರಿ ತಿರುಗಿಸಿ ಇಡಿ. ಮೂರೇ ನಕಲು, ಅರ್ಧ ಅಳತೆ, ಆಯಾಮ ಅದೇ 1.585. ಸಮಮಿತಿ ಮಾತ್ರ ಹೋಯಿತು. ಈ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಒಂದು ಗಂಟೆಯ ಪಾಠಕ್ಕೆ ಸಾಕು.

ಬಜ್ಪೆ_ಪೋಷಕರು:

ಮಗಳು ಹತ್ತನೇ ಕ್ಲಾಸ್. ಇದೆಲ್ಲ ಚಂದ ಉಂಟು, ಆದರೆ ಎಸ್ಸೆಸ್ಸೆಲ್ಸಿಗೆ ಇದರಿಂದ ಎಂತ ಸಹಾಯ?

ಮೇರುಪ್ರಸ್ತಾರ:

ನೇರವಾಗಿಯೇ ಸಹಾಯ ಉಂಟು. ಹತ್ತನೇ ಕ್ಲಾಸಿನಲ್ಲಿ ಸಮರೂಪ ತ್ರಿಭುಜಗಳ ಪಾಠ ಬರುತ್ತದಲ್ಲ, ಸಿಯರ್ಪಿನ್‌ಸ್ಕಿ ಅಂದರೆ ಅದೇ ಪಾಠ ಮತ್ತೆ ಮತ್ತೆ. ಪ್ರತಿ ಹಂತದಲ್ಲಿ ಉಳಿಯುವ ವಿಸ್ತೀರ್ಣ ಎಷ್ಟು ಅಂತ ಮಗಳಿಗೆ ಕೇಳಿ. ಮುಕ್ಕಾಲು, ಅದರ ಮುಕ್ಕಾಲು, ಮತ್ತೆ ಅದರ ಮುಕ್ಕಾಲು.

ಇನ್ನೊಂದು ಮನೆಯಲ್ಲೇ ಮಾಡಿಸಿ. ಮೇರು ಪ್ರಸ್ತಾರ ಬರೆಯಿರಿ. ಪಿಂಗಳನ ಛಂದಸ್ಸಿಗೆ 10ನೇ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಬರುವ ಸಂಖ್ಯೆಗಳ ತ್ರಿಕೋನ ಅದು. ಅಂಚಿನಲ್ಲೆಲ್ಲ 1, ಒಳಗಿನ ಪ್ರತಿ ಸಂಖ್ಯೆ ಮೇಲಿನ ಎರಡರ ಮೊತ್ತ. 16 ಸಾಲು ಬರೆದರೆ 136 ಸಂಖ್ಯೆ ಆಗುತ್ತದೆ. ಬೆಸ ಸಂಖ್ಯೆಗಳಿಗೆ ಮಾತ್ರ ಬಣ್ಣ ಹಾಕಲಿ. ಸರಿಯಾಗಿ 81ಕ್ಕೆ ಬಣ್ಣ ಬೀಳುತ್ತದೆ, ಕಣ್ಣೆದುರು ಸಿಯರ್ಪಿನ್‌ಸ್ಕಿ ತ್ರಿಕೋನ ಬರುತ್ತದೆ. ಮೊತ್ತ ಬರೆಯುವುದೂ ಬೇಡ, ಬೆಸ ಮತ್ತು ಬೆಸ ಸೇರಿದರೆ ಸಮ ಅನ್ನುವಷ್ಟು ಗೊತ್ತಿದ್ದರೆ ಸಾಕು.

ಬಜ್ಪೆ_ಪೋಷಕರು:

ಇವತ್ತು ಸಂಜೆಯೇ ಕೂರಿಸುತ್ತೇನೆ ಸರ್. ಥ್ಯಾಂಕ್ಸ್.

ತೆಂಗಿನಗರಿ:

ನಮ್ಮ ಊರಿನ ಎರಡು ಚಿತ್ರ ಹಾಳೆಗೆ ಸೇರಿಸಬಹುದಾ? ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಬಲಗಡೆಗೆ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಆದದ್ದು. ಮೇಲಿನಿಂದ ನೋಡಿದರೆ ಆರು ಮೂಲೆಯವು ತುಂಬಾ, ಐದು ಏಳು ಮೂಲೆಯವೂ ಉಂಟು. ಅಚ್ಚುಕಟ್ಟು ಉಂಟು, ಆದರೆ ಕಂಬದೊಳಗೆ ಕಂಬ ಇಲ್ಲ.

ಎಡಗಡೆಗೆ ನಮ್ಮ ಕರಾವಳಿಯ ನಕ್ಷೆ?

ಪಣಂಬೂರು_ಪಿಕ್ಸೆಲ್:

ಕಂಬ ಸರಿ. ಕರಾವಳಿ ಹಾಕಬೇಡಿ. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಅಂತ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬರೆದ ಲೇಖನದಲ್ಲಿ ಅಳತೆಗಳು ಲೂಯಿಸ್ ರಿಚರ್ಡ್‌ಸನ್ ಅವರದ್ದು. ಅಳೆಯುವ ಕೋಲು ಗಿಡ್ಡವಾದಷ್ಟೂ ಕರಾವಳಿ ಉದ್ದವಾಗುತ್ತದೆ. ಬ್ರಿಟನ್ನಿನ ಪಶ್ಚಿಮ ಕರಾವಳಿಗೆ ಆಯಾಮ 1.25 ಬಂತು, ದಕ್ಷಿಣ ಆಫ್ರಿಕಾಕ್ಕೆ 1.02, ಅಂದರೆ ಹೆಚ್ಚುಕಡಿಮೆ ನೇರ ಗೆರೆ. ಪಣಂಬೂರಿನಿಂದ ಮಲ್ಪೆವರೆಗಿನ ನಕ್ಷೆ ನೋಡಿ, ಕಣ್ಣಿಗೆ ನೇರವೇ ಕಾಣುತ್ತದೆ. ಅಳಿವೆಗಳಲ್ಲಿ ಮಾತ್ರ ತಿರುವುಗಳು ಸಿಗುತ್ತವೆ. ಮಕ್ಕಳಿಗೆ ಗೊಂದಲ ಆಗುತ್ತದೆ. ಹಾಕುವುದಾದರೆ ನೇತ್ರಾವತಿಗೆ ಸೇರುವ ಹೊಳೆ, ತೋಡುಗಳ ನಕ್ಷೆ ಹಾಕಿ. ದೊಡ್ಡ ಹೊಳೆಗೆ ಚಿಕ್ಕ ಹೊಳೆ, ಅದಕ್ಕೆ ತೋಡು. ಮೂರು ಹಂತಕ್ಕೆ ಕಡಿಮೆ ಇಲ್ಲ.

ಗ್ರಾಫ್‌ಶೀಟ್_ಉಡುಪಿ:

ನೇತ್ರಾವತಿ ಒಪ್ಪಿಗೆ. ಚಿಕ್ಕ ತುಂಡು ದೊಡ್ಡದರ ಅಚ್ಚು ನಕಲಲ್ಲ, ಸ್ವಭಾವ ಮಾತ್ರ ಒಂದೇ. ಅದಕ್ಕೆ ವಾಲಿದ ಮರದ ಜಾಗದಲ್ಲಿ ಹಾಕದೆ ಬೇರೆ ಹಾಳೆಯಲ್ಲಿ ಹಾಕುತ್ತೇನೆ.

ಒಂಬತ್ತನೇಕ್ಲಾಸ್_ಕಾಪು:

ಸರ್, ಕೊನೆಗೆ ಒಂದು ಡೌಟ್. ಮೂರು ಕಾಖ್ ರೇಖೆ ಸೇರಿಸಿ ಮಾಡಿದ ಹಿಮದ ಹಳಕು ಎಡಗಡೆಗಾ ಬಲಗಡೆಗಾ? ಅದರ ಅಂಚಿನಲ್ಲಿ ಎಲ್ಲಿ ಹುಡುಕಿದರೂ ಇಡೀ ಹಳಕು ಸಿಗಲಿಲ್ಲ. ಕಾಖ್ ತುಂಡು ಮಾತ್ರ ಸಿಗುತ್ತದೆ.

ಮೇರುಪ್ರಸ್ತಾರ:

ಸರಿಯಾಗಿ ನೋಡಿದ್ದೀಯ. ಅಂಚು ಒಂದು ಮುಚ್ಚಿದ ಗೆರೆ. ಅದರ ಒಂದು ತುಂಡು ಮತ್ತೊಂದು ಮುಚ್ಚಿದ ಗೆರೆ ಆಗಲು ಸಾಧ್ಯವೇ ಇಲ್ಲ. ಹಾಗಾಗಿ ಗೆರೆ ಮಾತ್ರ ಬರೆದರೆ ಹಿಮದ ಹಳಕು ತನ್ನ ನಕಲುಗಳಿಂದ ಆದದ್ದಲ್ಲ.

ಈಗ ಒಳಗೆ ಬಣ್ಣ ತುಂಬು. ನಡುವೆ 1.732 ಪಟ್ಟು ಚಿಕ್ಕದಾದ ಒಂದು ಹಳಕು ಇಡು, ಸ್ವಲ್ಪ ತಿರುಗಿಸಿ. ಸುತ್ತಲೂ ಮೂರು ಪಟ್ಟು ಚಿಕ್ಕದಾದ ಆರು ಹಳಕು ಇಡು. ಏಳೂ ಸೇರಿ ದೊಡ್ಡ ಹಳಕನ್ನು ಎಲ್ಲೂ ಖಾಲಿ ಬಿಡದೆ, ಒಂದರ ಮೇಲೊಂದು ಬರದೆ ತುಂಬುತ್ತವೆ. ವಿಸ್ತೀರ್ಣ ಲೆಕ್ಕ ಹಾಕಿ ನೋಡು: ನಡುವಿನದು ಮೂರನೇ ಒಂದು, ಸುತ್ತಲಿನ ಒಂದೊಂದೂ ಒಂಬತ್ತನೇ ಒಂದು.

ಒಂಬತ್ತನೇಕ್ಲಾಸ್_ಕಾಪು:

ಮೂರನೇ ಒಂದು, ಮತ್ತೆ ಒಂಬತ್ತನೇ ಆರು. ಸರಿಯಾಗಿ ಒಂದು! ಅಂದರೆ ಗೆರೆ ಬರೆದರೆ ಬಲಗಡೆ, ಬಣ್ಣ ತುಂಬಿದರೆ ಎಡಗಡೆ.

ಗ್ರಾಫ್‌ಶೀಟ್_ಉಡುಪಿ:

ಇದು ಎರಡನೇ ಹಾಳೆಗೆ ಬಂತು. ಎಡಗಡೆ ಬಣ್ಣ ತುಂಬಿದ ಹಳಕು, ಬಲಗಡೆ ಅದೇ ಹಳಕಿನ ಬರೀ ಅಂಚು. ಜೊತೆಗೆ ಬಣ್ಣ ತುಂಬಿದ ಚೌಕ ಎಡಗಡೆ, ಚೌಕದ ಅಂಚು ಬಲಗಡೆ. ತುಂಬಿದ ಚೌಕವೂ ನಾಲ್ಕು ಚಿಕ್ಕ ಚೌಕಗಳಿಂದ ಆದದ್ದೇ. ಆದರೆ ಹೀಗೆ ಬಿಟ್ಟರೆ "ಬಣ್ಣ ತುಂಬಿದ್ದು" ಅನ್ನುವುದೇ ನಿಯಮ ಆಗಿಬಿಡುತ್ತದೆ. ಹಾಗಾಗಿ ಎಡಗಡೆ ಬರೀ ಗೆರೆಯ ಕಾಖ್ ರೇಖೆ, ಬಲಗಡೆ ಬಣ್ಣ ತುಂಬಿದ ವೃತ್ತ ಬೇಕು. ಚಿಕ್ಕ ವೃತ್ತಗಳನ್ನು ಎಷ್ಟೇ ಜೋಡಿಸಿದರೂ ನಡುವೆ ಸಂದು ಉಳಿಯುತ್ತದೆ ಅಲ್ವಾ. ಇನ್ನೂ ಕೆಲವು ಜೋಡಿ ಬೇಕು. ಯಾರ ಹತ್ತಿರವಾದರೂ ಒಳ್ಳೆಯದು ಇದ್ದರೆ ಶನಿವಾರದೊಳಗೆ ಇಲ್ಲೇ ಹಾಕಿ, ಎರಡೂ ಹಾಳೆಯ ಪಿಡಿಎಫ್ ಮಾಡಿ ಏರಿಸುತ್ತೇನೆ.

ರಥಬೀದಿ_ರಂಗೋಲಿ:

ಚಿತ್ರಗಳನ್ನು ನಾನು ಬಿಡಿಸಿಕೊಡುತ್ತೇನೆ. ತಿರುಗಿಸಿದ ಸಿಯರ್ಪಿನ್‌ಸ್ಕಿಯ ಮೊದಲ ಎರಡು ಹಂತ ಮಾತ್ರ ಒಂದು ಸಲ ಗ್ರಾಫ್ ಹಾಳೆಯಲ್ಲಿ ತೋರಿಸಿ, ಮುಂದಿನದು ನನಗೆ ಬರುತ್ತದೆ.